ಹೆರಿಟೇಜ್ ಬೋರ್ಡ್ ಹಾಕಿದ್ರೆ ಫ್ಯಾಕ್ಟ್ರಿ ಉಳಿಯುತ್ತಾ?

ನಮ್ಮ ಇಂಜಿನಿಯರಿಂಗ್ ಬ್ಯಾಚ್‌ನ ವಾಟ್ಸಾಪ್ ಗ್ರೂಪಲ್ಲಿ ಹೋದ ವಾರ ಒಂದು ಫೋಟೋ ಬಂತು. ಯಾವುದೋ ಹಳೇ ಮಿಲ್ಲಿನ ಚಿಮಣಿ, ಸುತ್ತ ಪೊದೆ, ಕೆಳಗೆ "ಇದನ್ನ ತಕ್ಷಣ ಹೆರಿಟೇಜ್ ಅಂತ ಡಿಕ್ಲೇರ್ ಮಾಡಬೇಕು, ಎಲ್ಲರಿಗೂ ಫಾರ್ವರ್ಡ್ ಮಾಡಿ" ಅಂತ. ಎಲ್ಲರೂ ಕೈ ಮುಗಿಯೋ ಇಮೋಜಿ ಹಾಕಿದ್ರು, ನಾನೊಬ್ಬ "ಡಿಕ್ಲೇರ್ ಮಾಡಿ ಆಮೇಲೆ ಏನು ಮಾಡ್ತೀರಾ?" ಅಂತ ಕೇಳಿ ಚೆನ್ನಾಗಿ ಬೈಸ್ಕೊಂಡೆ. ಬಿಲ್ಡರ್‌ಗಳ ಏಜೆಂಟ್ ಅಂತ ಕೂಡ ಒಬ್ಬ ಅಂದ. ಗ್ರೂಪಲ್ಲಿ ವಾದ ಮಾಡೋಷ್ಟು ತಾಳ್ಮೆ ನನಗಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನನ್ನ ಕೆಲಸ ಏನಪ್ಪಾ ಅಂದ್ರೆ ಹಳೇ ಕಟ್ಟಡಗಳ ಸ್ಟ್ರಕ್ಚರಲ್ ಆಡಿಟ್. ಅಂದ್ರೆ ಯಾರೋ ಹಳೇ ಗೋಡೌನು, ಹಳೇ ಟಾಕೀಸು, ಹಳೇ ಮಿಲ್ಲು ತಗೊಂಡಿರ್ತಾರೆ, ಇದು ನಿಲ್ಲುತ್ತಾ ಬೀಳುತ್ತಾ ಹೇಳಿ ಅಂತ ಕರೀತಾರೆ, ನಾನು ಸುತ್ತಿಗೆ, ಟಾರ್ಚು, ರಿಬೌಂಡ್ ಹ್ಯಾಮರ್ (ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ನೋಡೋ ಸಾಧನ) ಹಿಡ್ಕೊಂಡು ಹೋಗ್ತೀನಿ. ಹಾಗಾಗಿ ಕಟ್ಟಡ ಕೆಡವೋದ್ರಲ್ಲಿ ನನಗೆ ಯಾವ ಖುಷಿನೂ ಇಲ್ಲ, ಕೆಡವಿದ್ರೆ ನನಗೆ ಕೆಲಸಾನೇ ಇಲ್ಲ. ಆದ್ರೆ ಇಷ್ಟು ವರ್ಷ ನೋಡಿ ನನಗೆ ಒಂದು ವಿಷಯ ಗಟ್ಟಿ ಆಗಿದೆ. ಬೋರ್ಡು ಕಟ್ಟಡಾನ ಉಳಿಸಲ್ಲ, ದಿನಾ ಬೆಳಗ್ಗೆ ಬಂದು ಅದರ ಬೀಗ ತೆಗೆಯೋಕೆ ಯಾರಿಗಾದ್ರೂ ಒಂದು ಕಾರಣ ಇದ್ರೆ ಅದು ಉಳಿಯುತ್ತೆ.

ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ ಲಂಡನ್ನಿನ ಎರಡು ಪವರ್ ಸ್ಟೇಷನ್. ಎರಡೂ ಥೇಮ್ಸ್ ನದಿ ದಡದಲ್ಲಿ, ಎರಡೂ ಇಟ್ಟಿಗೆಯ ದೈತ್ಯ ಕಟ್ಟಡ, ಎರಡರ ಹಿಂದೆನೂ ಒಬ್ಬನೇ ಆರ್ಕಿಟೆಕ್ಟ್, ಗೈಲ್ಸ್ ಗಿಲ್ಬರ್ಟ್ ಸ್ಕಾಟ್ (ಇಂಗ್ಲೆಂಡಿನ ಆ ಫೇಮಸ್ ಕೆಂಪು ಟೆಲಿಫೋನ್ ಬೂತ್ ಕೂಡ ಇವನದ್ದೇ ಡಿಸೈನ್). ಒಂದು ಬ್ಯಾಟರ್ಸೀ, ನಾಲ್ಕು ಬಿಳಿ ಚಿಮಣಿಯದ್ದು. ಇನ್ನೊಂದು ಬ್ಯಾಂಕ್‌ಸೈಡ್, ಮಧ್ಯದಲ್ಲಿ ಒಂದೇ ಚಿಮಣಿ. ಬ್ಯಾಟರ್ಸೀಗೆ 1980ರಲ್ಲೇ, ಇನ್ನೂ ಕರೆಂಟ್ ತಯಾರಾಗ್ತಿದ್ದಾಗಲೇ, ಅಲ್ಲಿನ ಸರ್ಕಾರ ಗ್ರೇಡ್ 2 ಲಿಸ್ಟಿಂಗ್ (ಅಪ್ಪಣೆ ಇಲ್ಲದೆ ಕೆಡವಬಾರದು ಅನ್ನೋ ಪಟ್ಟಿ, ಅಂದ್ರೆ ಅಲ್ಲಿನ ಹೆರಿಟೇಜ್ ಬೋರ್ಡ್) ಕೊಡ್ತು, 1983ರಲ್ಲಿ ಸ್ಟೇಷನ್ ಪೂರ್ತಿ ಮುಚ್ತು. ಬ್ಯಾಂಕ್‌ಸೈಡ್ 1981ರಲ್ಲಿ ಮುಚ್ತು, ಅದನ್ನೂ ಲಿಸ್ಟ್ ಮಾಡಿ ಅಂತ ಜನ ಕೇಳಿದ್ರು, ಸರ್ಕಾರ ಒಪ್ಪಲಿಲ್ಲ. ಈಗ ಯಾವುದು ಉಳೀತು ಯಾವುದು ಹಾಳಾಯ್ತು ಹೇಳಿ ನೋಡೋಣ?

ಬೋರ್ಡ್ ಇದ್ದ ಬ್ಯಾಟರ್ಸೀನ ಒಬ್ಬರು ಥೀಮ್ ಪಾರ್ಕ್ ಮಾಡ್ತೀನಿ ಅಂತ ತಗೊಂಡು ಒಳಗಿನ ಮಷಿನ್ ಹೊರಗೆ ತೆಗೆಯೋಕೆ ರೂಫನ್ನೇ ಬಿಚ್ಚಿದ್ರು, ಆಮೇಲೆ ದುಡ್ಡು ಖಾಲಿ, ರೂಫ್ ಇಲ್ಲದೆ ಮಳೇಲಿ ನೆನೀತಾ ಕೂತ್ಕೊಂತು, ಒಬ್ಬರಾದ ಮೇಲೆ ಒಬ್ಬರು ಓನರ್, ಒಂದಾದ ಮೇಲೆ ಒಂದು ಪ್ಲಾನ್. 2007ರಲ್ಲಿ ಬೋರ್ಡನ್ನ ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದ್ರು, ರೂಫ್ ಮಾತ್ರ ಬರಲಿಲ್ಲ. ಕೊನೆಗೆ ಚಿಮಣಿಗಳು ಎಷ್ಟು ಕೆಟ್ಟಿದ್ವು ಅಂದ್ರೆ ನಾಲ್ಕನ್ನೂ ಕೆಡವಿ ಅದೇ ಥರ ಹೊಸದಾಗಿ ಕಟ್ಟಬೇಕಾಯ್ತು. ಸಾರ್ವಜನಿಕರಿಗೆ ಓಪನ್ ಆಗಿದ್ದು 2022ರ ಅಕ್ಟೋಬರ್‌ನಲ್ಲಿ, ಈಗ ಒಳಗೆ ಮಾಲು, ಆಫೀಸು, ದುಬಾರಿ ಫ್ಲಾಟು. ಸ್ಟೇಷನ್ ಮುಚ್ಚಿ 39 ವರ್ಷ ಆದ್ಮೇಲೆ.

ಬೋರ್ಡ್ ಇಲ್ಲದ ಬ್ಯಾಂಕ್‌ಸೈಡ್ ಕಥೆ ನೋಡಿ. ಟೇಟ್ ಗ್ಯಾಲರಿಯವರಿಗೆ ಮಾಡರ್ನ್ ಆರ್ಟ್ ಇಡೋಕೆ ಜಾಗ ಬೇಕಿತ್ತು, 1994ರಲ್ಲಿ ಈ ಕಟ್ಟಡ ಆರಿಸ್ಕೊಂಡ್ರು. ಸ್ವಿಟ್ಜರ್ಲೆಂಡಿನ ಹೆರ್ಜಾಗ್ ಮತ್ತು ಡಿ ಮ್ಯೂರಾನ್ ಅನ್ನೋ ಆರ್ಕಿಟೆಕ್ಟ್‌ಗಳು ಬಂದ್ರು, 2000ದ ಮೇ ತಿಂಗಳಲ್ಲಿ ಟೇಟ್ ಮಾಡರ್ನ್ ಓಪನ್ನೂ ಆಯ್ತು. ನನಗೆ ಅದರಲ್ಲಿ ಇಷ್ಟ ಆಗೋದು ಟರ್ಬೈನ್ ಹಾಲ್. 152 ಮೀಟರ್ ಉದ್ದ, 35 ಮೀಟರ್ ಎತ್ತರ. ಬೇರೆ ಯಾರಾದ್ರೂ ಆಗಿದ್ರೆ ಅಲ್ಲಿ ನಾಲ್ಕು ಫ್ಲೋರ್ ಹಾಕಿ ಕಾರ್ಪೆಟ್ ಏರಿಯಾ ಲೆಕ್ಕ ಹಾಕಿರೋರು, ಇವರು ಖಾಲಿ ಬಿಟ್ರು. ಟರ್ಬೈನ್ ಹೋಯ್ತು, ಆದ್ರೆ ಇಲ್ಲಿ ಎಂಥಾ ದೊಡ್ಡ ಮಷಿನ್ ಇತ್ತು ಅಂತ ಆ ಖಾಲಿ ಜಾಗ ನೋಡಿದ್ರೇ ಗೊತ್ತಾಗುತ್ತೆ. ಇನ್ನೊಂದು ವಿಷಯ, ಮ್ಯೂಸಿಯಂ ಓಪನ್ ಆದ್ಮೇಲೂ ಎಷ್ಟೋ ವರ್ಷ ಕಟ್ಟಡದ ಒಂದು ಭಾಗದಲ್ಲಿ ಎಲೆಕ್ಟ್ರಿಸಿಟಿ ಕಂಪನಿಯ ಸಬ್‌ಸ್ಟೇಷನ್ ಅದರ ಪಾಡಿಗೆ ನಡೀತಾ ಇತ್ತು. ಒಂದು ಕಡೆ ಪೇಂಟಿಂಗ್, ಗೋಡೆ ಆಚೆ ಟ್ರಾನ್ಸ್‌ಫಾರ್ಮರ್. ನನಗಂತೂ ಇದು ಸಖತ್ ಇಷ್ಟ.

ಹಾಗಂತ ಬೋರ್ಡ್ ಬೇಡ್ವೇ ಬೇಡ ಅಂತಲ್ಲ. ಬ್ಯಾಟರ್ಸೀಗೆ ಆ ಬೋರ್ಡ್ ಇಲ್ಲದಿದ್ರೆ 80ರ ದಶಕದಲ್ಲೇ ಜೆಸಿಬಿ ಹೋಗ್ತಿತ್ತು, ನಿಜ. ಬೋರ್ಡ್ ಹೇಳೋದು "ಇದನ್ನ ಮಾಡಬೇಡ" ಅಂತ ಅಷ್ಟೇ. ಏನು ಮಾಡಬೇಕು, ಯಾರು ಮಾಡಬೇಕು, ಯಾರ ದುಡ್ಡಲ್ಲಿ ಮಾಡಬೇಕು ಅನ್ನೋದು ಅದರಲ್ಲಿ ಇರಲ್ಲ.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಲ್ಲಿ ಬೋರ್ಡೂ ಇಲ್ಲ, ಬೀಗ ತೆಗೆಯೋರೂ ಇಲ್ಲ. ಕರ್ನಾಟಕದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆಯಲ್ಲ, ಅದರಲ್ಲಿ ಸ್ಮಾರಕ ಅನ್ನಿಸ್ಕೊಳ್ಳೋಕೆ ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಕೇಂದ್ರದ 1958ರ ಕಾಯ್ದೇಲೂ ಅದೇ ಲೆಕ್ಕ. ದೇವಸ್ಥಾನ, ಕೋಟೆ, ಶಾಸನಗಳಿಗೆ ಇದು ಸರಿ. ಫ್ಯಾಕ್ಟ್ರಿಗೆ? ಬಲ್ಬ್ ಮಾಡ್ತಿದ್ದ ಮೈಸೂರು ಲ್ಯಾಂಪ್ಸ್ ಶುರುವಾಗಿದ್ದು 1936ರಲ್ಲಿ, ಅದು 2036ರ ತನಕ ಕಾಯಬೇಕು. ಎಚ್‌ಎಂಟಿ 1953, ಅಂದ್ರೆ 2053. ಜರ್ಮನಿಯ ಎಇಜಿ ಕಂಪನಿ ಜೊತೆ ಸೇರಿ ಬೈಯಪ್ಪನಹಳ್ಳಿಯಲ್ಲಿ ಶುರು ಮಾಡಿದ ಎಲೆಕ್ಟ್ರಿಕ್ ಸಾಮಾನಿನ ಫ್ಯಾಕ್ಟ್ರಿ ಎನ್‌ಜಿಇಎಫ್ 1965ರದ್ದು, ಅದಕ್ಕೆ 2065. ಅಷ್ಟೊತ್ತಿಗೆ ನಾನೂ ಇರಲ್ಲ, ಆ ಶೆಡ್ಡುಗಳೂ ಇರಲ್ಲ. ನಗರ ಯೋಜನೆ ಕಾಯ್ದೇಲಿ ಪಾರಂಪರಿಕ ಕಟ್ಟಡ ಅನ್ನೋದಕ್ಕೆ ಈ ವಯಸ್ಸಿನ ಕಟ್ಟಪ್ಪಣೆ ಇಲ್ಲ, ವಾಸ್ತುಶಿಲ್ಪದ್ದೋ ಇತಿಹಾಸದ್ದೋ ಸಂಸ್ಕೃತಿದೋ ಮೌಲ್ಯ ಇದ್ದು ಪ್ರಾಧಿಕಾರ ಘೋಷಿಸಿದ್ರೆ ಸಾಕು. ಆದ್ರೆ ನಮ್ಮಲ್ಲಿ ಹೆರಿಟೇಜ್ ಅಂದ ತಕ್ಷಣ ಎಲ್ಲರ ತಲೇಗೆ ಬರೋದು ಅರಮನೆ, ಬಂಗಲೆ, ಚರ್ಚು, ಕಮಾನು, ಕಂಬ. ಗ್ಯಾಂಟ್ರಿ ಗರ್ಡರ್ (ಫ್ಯಾಕ್ಟ್ರಿ ಒಳಗೆ ಕ್ರೇನ್ ಓಡೋ ತೊಲೆ) ಯಾರ ತಲೇಗೂ ಬರಲ್ಲ.

ಒಂದ್ಸಲ ಗ್ರೀನ್ ಲೈನ್ ಮೆಟ್ರೋದಲ್ಲಿ ಸಂಪಿಗೆ ರೋಡಿಂದ ಜಾಲಹಳ್ಳಿ ತನಕ ಕೂತ್ಕೊಂಡು ಕಿಟಕಿ ಆಚೆ ನೋಡಿ. ಹತ್ತೋ ಜಾಗದಲ್ಲೇ ಮಂತ್ರಿ ಮಾಲ್, ಅದು ಹಿಂದೆ ರಾಜಾ ಮಿಲ್ ಇದ್ದ ಜಾಗ, ಈಗ ಮಿಲ್ಲಿನ ಒಂದು ಗೋಡೆನೂ ಇಲ್ಲ. ಮುಂದೆ ಹೋದ್ರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್. ಅಲ್ಲಿ ಒಂದು ಮಜಾ ಇದೆ. ಆ ಒಂದೇ ಏರಿಯಾದಲ್ಲಿ ಹಳೇ ಫ್ಯಾಕ್ಟ್ರಿಗೆ ಆಗಬಹುದಾದ ಮೂರೂ ಗತಿ ಅಕ್ಕಪಕ್ಕದಲ್ಲಿ ಕಾಣ್ಸುತ್ತೆ. ಕಿರ್ಲೋಸ್ಕರ್ ಫ್ಯಾಕ್ಟ್ರಿ ಇದ್ದ ಜಾಗ ಒರಾಯನ್ ಮಾಲೂ ಎತ್ತರದ ಟವರುಗಳೂ ಆಗಿದೆ. ಮೈಸೂರು ಲ್ಯಾಂಪ್ಸ್ 2003ರಲ್ಲಿ ಮುಚ್ಚಿ ಪೊದೆ ಬೆಳೆಸ್ಕೊಂಡಿದ್ದು. ಸೋಪ್ ಫ್ಯಾಕ್ಟ್ರಿ 1957ರಲ್ಲಿ ಅಲ್ಲಿಗೆ ಬಂದಿದ್ದು ಇವತ್ತಿಗೂ ನಡೀತಿದೆ, ಗಾಳಿ ಈ ಕಡೆ ಬೀಸಿದ್ರೆ ಪ್ಲಾಟ್‌ಫಾರ್ಮ್‌ವರೆಗೆ ಗಂಧದ ವಾಸನೆ ಬರುತ್ತೆ. ಯಾವ ಹೆರಿಟೇಜ್ ಕಮಿಟಿನೂ ಬಂದು ಅದನ್ನ ಉಳಿಸಲಿಲ್ಲ, ಜನ ಸೋಪ್ ಕೊಂಡ್ಕೊಂಡು ಉಳಿಸಿದ್ರು. ಮೈಸೂರಲ್ಲೂ ಹಂಗೇ, 1912ರ ಸಿಲ್ಕ್ ಫ್ಯಾಕ್ಟ್ರಿ ಇವತ್ತೂ ಸೀರೆ ನೇಯುತ್ತೆ, ಮೈಸೂರು ಪೇಂಟ್ಸ್ ಎಲೆಕ್ಷನ್ ಇಂಕ್ ಮಾಡುತ್ತೆ. ಹಳೇ ಫ್ಯಾಕ್ಟ್ರಿ ಉಳಿಸೋ ಬೆಸ್ಟ್ ದಾರಿ ಅದನ್ನ ಫ್ಯಾಕ್ಟ್ರಿಯಾಗೇ ಬಿಡೋದು, ಅದು ಆಗದಿದ್ದಾಗ ಮಾತ್ರ ಉಳಿದ ಮಾತು.

ಮೈಸೂರು ಲ್ಯಾಂಪ್ಸ್ ವಿಷಯಕ್ಕೆ ಬಂದ್ರೆ ನನಗೆ ಸ್ವಲ್ಪ ಹೊಟ್ಟೆ ಉರಿಯುತ್ತೆ. ನಮ್ಮ ಕಡೆ ಮನೆಮನೇಲೂ ಆ ಬಲ್ಬ್ ಇತ್ತು. ಈಗ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಯಾವುದೇ ಕೆಫೆಗೆ ಹೋಗಿ, ಇಂಡಸ್ಟ್ರಿಯಲ್ ಲುಕ್ ಅಂತ ಹೊಸ ಗೋಡೆಗೆ ಬೇಕಂತಲೇ ಪ್ಲಾಸ್ಟರ್ ಹಾಕದೆ, ಫಾಲ್ಸ್ ಸೀಲಿಂಗ್ ಹಾಕದೆ ಡಕ್ಟ್ ತೋರಿಸಿ, ಮೇಲಿಂದ ತಂತಿಲಿ ಹಳದಿ ಎಡಿಸನ್ ಬಲ್ಬ್ ನೇತಾಕಿರ್ತಾರೆ, ಅದೂ ಫಿಲಮೆಂಟ್ ಥರ ಕಾಣೋ ಎಲ್‌ಇಡಿ. ನಿಜವಾದ ಫಿಲಮೆಂಟ್ ಬಲ್ಬ್ ಮಾಡ್ತಿದ್ದ ನಿಜವಾದ ಇಂಡಸ್ಟ್ರಿಯಲ್ ಬಿಲ್ಡಿಂಗು 20 ಎಕರೆ ಚಿಲ್ಲರೆ ಜಾಗದಲ್ಲಿ ಮಲ್ಲೇಶ್ವರದ ಪಕ್ಕದಲ್ಲೇ ಬೀಗ ಹಾಕ್ಕೊಂಡು ಕೂತಿತ್ತು. ಮಂಗಳೂರು ಹೆಂಚಿಂದೂ ಇದೇ ಕಥೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಶುರು ಮಾಡಿದ ಆ ಉದ್ಯಮದ ಎಷ್ಟೋ ಕಾರ್ಖಾನೆಗಳು ಬಾಗಿಲು ಹಾಕಿವೆ, ಅವರ ಮುದ್ರೆ ಇರೋ ಹೆಂಚಿಗೆ ಮಾತ್ರ ಹಳೇ ಸಾಮಾನಿನ ಅಂಗಡೀಲಿ ಒಳ್ಳೇ ರೇಟು.

2020ರ ಆಸುಪಾಸಲ್ಲಿ ಸರ್ಕಾರ ಮೈಸೂರು ಲ್ಯಾಂಪ್ಸ್ ಜಾಗದಲ್ಲಿ ಬೆಂಗಳೂರಿನ ಇತಿಹಾಸ ಸಂಸ್ಕೃತಿ ತೋರಿಸೋ ಎಕ್ಸ್‌ಪೀರಿಯೆನ್ಸ್ ಸೆಂಟರ್ ಮಾಡ್ತೀವಿ ಅಂತು. ಮಾಲ್ ಆಗೋದಕ್ಕಿಂತ ಸಾವಿರ ಪಾಲು ವಾಸಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನಗೆ ಈ ಎಕ್ಸ್‌ಪೀರಿಯೆನ್ಸ್ ಅನ್ನೋ ಪದ ಕೇಳಿದ್ರೆ ಭಯ. ಅಲ್ಲಿ ಗಾಜು ಊದೋ ಮಷಿನ್ ಎಲ್ಲಿತ್ತು, ಫಿಲಮೆಂಟ್ ಹೆಂಗೆ ಕೂರಿಸ್ತಿದ್ರು, ವ್ಯಾಕ್ಯೂಮ್ ಹೆಂಗೆ ಎಳೀತಿದ್ರು, ಟೈಮ್ ಆಫೀಸಲ್ಲಿ ಪಂಚಿಂಗ್ ಹೆಂಗಿತ್ತು, ಗೇಟ್ ಮೀಟಿಂಗಲ್ಲಿ ಯೂನಿಯನ್‌ನವರು ಎಲ್ಲಿ ನಿಂತು ಭಾಷಣ ಮಾಡ್ತಿದ್ರು, ಇದನ್ನೆಲ್ಲ ಹೇಳೋರು ಈಗ ಎಪ್ಪತ್ತು ಎಂಬತ್ತರ ಆಸುಪಾಸಲ್ಲಿ ಇರ್ತಾರೆ. ಅವರನ್ನ ಕೂರಿಸಿ ರೆಕಾರ್ಡ್ ಮಾಡ್ಕೊಳ್ಳೋ ಕೆಲಸಕ್ಕೆ ಟೆಂಡರೂ ಬೇಕಿಲ್ಲ ಕನ್ಸಲ್ಟೆಂಟೂ ಬೇಕಿಲ್ಲ. ಅದು ಬಿಟ್ಟು ದೊಡ್ಡ ಸ್ಕ್ರೀನಲ್ಲಿ ಕೆಂಪೇಗೌಡ್ರ ಅನಿಮೇಷನ್ ಹಾಕೋದಾದ್ರೆ ಅದನ್ನ ಏರ್‌ಪೋರ್ಟಲ್ಲೇ ಹಾಕಬಹುದು, ಬಲ್ಬ್ ಫ್ಯಾಕ್ಟ್ರಿ ಯಾಕೆ ಬೇಕು?

ಇನ್ನೊಂದು ಕೇಳಿ. ಬಲ್ಬು ಟ್ಯೂಬ್‌ಲೈಟ್ ಮಾಡೋ ಜಾಗ ಅಂದ್ರೆ ಪಾದರಸ, ಸೀಸ ಇರೋ ಗಾಜು, ಪುಡಿ ಕೆಮಿಕಲ್ಲು ಎಲ್ಲ ಬಳಸೋ ಉದ್ಯಮ. ಇಂಥ ಯಾವ ಫ್ಯಾಕ್ಟ್ರಿನೇ ಆಗ್ಲಿ, ಮಕ್ಕಳನ್ನ ಕರ್ಕೊಂಡು ಬರೋ ಜಾಗ ಮಾಡೋ ಮುಂಚೆ ಮಣ್ಣು, ನೀರು ಟೆಸ್ಟ್ ಮಾಡಿಸಲೇಬೇಕು. ಹೆರಿಟೇಜ್ ಚರ್ಚೆಗಳಲ್ಲಿ ಈ ಮಾತೇ ಬರಲ್ಲ, ಎಲ್ಲರೂ ಚಿಮಣಿ ಫೋಟೋ ನೋಡ್ತಾರೆ, ನೆಲ ಯಾರೂ ನೋಡಲ್ಲ.

ನಮ್ಮೂರಲ್ಲಿ ಬೋರ್ಡ್ ಇಲ್ಲದೆ, ಪ್ಲಾನ್ ಇಲ್ಲದೆ ಬೇರೆ ಕೆಲಸಕ್ಕೆ ಬಂದಿರೋ ಒಂದು ಮಿಲ್ ಇದೆ, ಮಿನರ್ವ ಮಿಲ್. ಲಾ ಓದಿದವರಿಗೆ ಈ ಹೆಸರು ಕೇಳಿದ್ರೆ ಮೈ ನೆಟ್ಟಗಾಗುತ್ತೆ, ಸಂವಿಧಾನದ ಮೂಲ ಸ್ವರೂಪಾನ ಪಾರ್ಲಿಮೆಂಟ್ ಕೂಡ ಬದಲಾಯ್ಸೋಕಾಗಲ್ಲ ಅನ್ನೋದನ್ನ ಗಟ್ಟಿ ಮಾಡಿದ 1980ರ ಸುಪ್ರೀಂ ಕೋರ್ಟ್ ತೀರ್ಪು ಈ ಮಿಲ್ಲಿನ ಕೇಸಲ್ಲೇ ಬಂದಿದ್ದು. ಸರ್ಕಾರ ಮೊದಲು ಮ್ಯಾನೇಜ್‌ಮೆಂಟ್ ತಗೊಂಡು, ಆಮೇಲೆ 1974ರ ಕಾಯ್ದೆಯಡಿ ಮಿಲ್ಲನ್ನೇ ರಾಷ್ಟ್ರೀಕರಣ ಮಾಡ್ತು, ಹಳೇ ಮಾಲೀಕರು ಕೋರ್ಟಿಗೆ ಹೋದ್ರು. ದೇಶದ ಎಲ್ಲ ಲಾ ಕಾಲೇಜಲ್ಲೂ ಪಾಠ ಮಾಡೋ ಹೆಸರದು, ಆದ್ರೆ ಬೆಂಗಳೂರಲ್ಲಿ ಮಿನರ್ವ ಮಿಲ್ ಅಂದ್ರೆ ಜನಕ್ಕೆ ಗೊತ್ತಿರೋದು ಸಿನಿಮಾ ಸೆಟ್! ಎಷ್ಟು ಕನ್ನಡ ಸಿನಿಮಾಗಳ ಫೈಟು, ಐಟಂ ಸಾಂಗು, ಸ್ಲಮ್ ಸೆಟ್ಟು ಅಲ್ಲಿ ಶೂಟ್ ಆಗಿದೆಯೋ ಲೆಕ್ಕ ಇಲ್ಲ. ನಗಬೇಡಿ, ನನ್ನ ಪ್ರಕಾರ ಅದೂ ಒಂದು ಮರುಬಳಕೇನೇ, ಸೆಟ್ ಬಾಡಿಗೆ ಬರ್ತಿದ್ರೆ ವಾಚ್‌ಮನ್ ಇರ್ತಾನೆ, ವಾಚ್‌ಮನ್ ಇದ್ರೆ ರೂಫಿನ ಶೀಟು, ಕಬ್ಬಿಣ ಕಳ್ಳತನ ಆಗಲ್ಲ. ಆದ್ರೂ ಗೇಟ್ ಪಕ್ಕ "ಆ ಕೇಸು ಇಲ್ಲಿಂದಲೇ ಹೋಗಿದ್ದು" ಅಂತ ಒಂದು ಕಲ್ಲು ಹಾಕಿದ್ರೆ ಯಾರ ಗಂಟು ಹೋಗುತ್ತೆ? ಬೋರ್ಡ್ ಬೇಡ ಅಂದವನೇ ಬೋರ್ಡ್ ಕೇಳ್ತಿದೀನಿ, ಇರಲಿ. ಅದೇ ಕಡೆ ಇದ್ದ ಬಿನ್ನಿ ಮಿಲ್, 1884ರದ್ದು, ಅಪಾರ್ಟ್‌ಮೆಂಟೂ ಮಾಲೂ ಆಗಿ ಮುಗೀತು. ಬಸ್ ಕಂಡಕ್ಟರ್ ಬಾಯಲ್ಲಿ ಮಾತ್ರ ಇನ್ನೂ ಬಿನ್ನಿಮಿಲ್ ಇದೆ.

ಇಷ್ಟಕ್ಕೂ ಜಗಳ ಇರೋದು ಕಟ್ಟಡದ ಮೇಲಲ್ಲ, ಅದರ ಕೆಳಗಿನ ಜಾಗದ ಮೇಲೆ. ಇದನ್ನ ಮುಂಬೈನಲ್ಲಿ ನೋಡಬೇಕು. ಗಿರಣಗಾಂವ್ ಅಂತ ಕರೆಯೋ ಮಿಲ್ ಏರಿಯಾ, ಸುಮಾರು 600 ಎಕರೆ, ಊರಿನ ಎದೆಮೇಲೇ. 1982ರಲ್ಲಿ ಯೂನಿಯನ್ ನಾಯಕ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಮುಷ್ಕರ ಕೂತ್ರು, ಅದಾದ ಮೇಲೆ ಎಷ್ಟೋ ಮಿಲ್ ಮತ್ತೆ ಏಳಲೇ ಇಲ್ಲ. 1991ರಲ್ಲಿ ಒಂದು ಒಳ್ಳೇ ರೂಲ್ ಬಂತು, ಮಿಲ್ ಜಾಗ ಡೆವಲಪ್ ಮಾಡಬೇಕಂದ್ರೆ ಮೂರು ಪಾಲು ಮಾಡಿ, ಒಂದು ಪಾಲು ಪಾರ್ಕು ಮೈದಾನಕ್ಕೆ ಕಾರ್ಪೊರೇಷನ್‌ಗೆ, ಒಂದು ಪಾಲು ಕಡಿಮೆ ಬೆಲೆ ಮನೆಗೆ, ಒಂದು ಪಾಲು ಮಾಲೀಕನಿಗೆ. 2001ರಲ್ಲಿ ಅದನ್ನ ತಿದ್ದಿದ್ರು. ಹಂಚಬೇಕಾಗಿರೋದು ಇಡೀ ಜಾಗ ಅಲ್ಲ, ಕಟ್ಟಡ ಇಲ್ಲದ ಖಾಲಿ ಜಾಗ ಮಾತ್ರ ಅಂತ. ಮಿಲ್ ತುಂಬ ಶೆಡ್ಡೇ ಇರೋವಾಗ ಖಾಲಿ ಜಾಗ ಎಷ್ಟಿರುತ್ತೆ? 2006ರಲ್ಲಿ ಸುಪ್ರೀಂ ಕೋರ್ಟೂ ಆ ತಿದ್ದುಪಡಿ ಸರಿ ಅಂತು. ಈಗ ಫೀನಿಕ್ಸ್ ಮಿಲ್ ಜಾಗದಲ್ಲಿ ಮಾಲ್ ಮಧ್ಯೆ ಚಿಮಣಿ ನಿಂತಿದೆ, ಜನ ಅದರ ಮುಂದೆ ಸೆಲ್ಫಿ ತಗೋತಾರೆ. ಚಿಮಣಿ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ತೆಗೆದು ಅದಕ್ಕೆ ಹೆರಿಟೇಜ್ ಅನ್ನೋದು ನನಗೆ ಒಪ್ಪಿಗೆ ಇಲ್ಲ, ಅದಕ್ಕಿಂತ ಪೂರ್ತಿ ಕೆಡವಿದ್ರೂ ಪರವಾಗಿಲ್ಲ, ಸುಳ್ಳಾದ್ರೂ ಹೇಳದೆ ಇದ್ದಂಗಾಗುತ್ತೆ.

ಮುಂಬೈದೇ ಇನ್ನೊಂದು ಪಾಠ, ಇದು ನನ್ನ ಫೀಲ್ಡಿಂದು. 2017ರ ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಕಾಂಪೌಂಡಲ್ಲಿ ರೂಫ್‌ಟಾಪ್ ಪಬ್ಬಿಗೆ ಬೆಂಕಿ ಬಿದ್ದು 14 ಜನ ಸತ್ತರು. ಹಳೇ ಮಿಲ್ ಕಾಂಪೌಂಡಲ್ಲಿ ಆಫೀಸು, ಪಬ್ಬು, ಹೋಟೆಲ್ಲು ಅಂತ ಒಂದರ ಮೇಲೊಂದು ಸೇರಿಸ್ತಾ ಹೋಗೋದೇ ಮರುಬಳಕೆ ಆದ್ರೆ ಅದು ಅಪಾಯ. ಮಷಿನ್ ಇಟ್ಟು ನೂರು ಜನ ಕೆಲಸ ಮಾಡೋಕೆ ಅಂತ ಕಟ್ಟಿದ ಶೆಡ್ಡಿಗೂ, ದಾರಿ ಗೊತ್ತಿಲ್ಲದ ಸಾವಿರ ಜನ ರಾತ್ರಿ ಹೊತ್ತು ಕುಡಿದು ಕುಣಿಯೋ ಜಾಗಕ್ಕೂ ಎಕ್ಸಿಟ್ ಲೆಕ್ಕಾನೇ ಬೇರೆ. ಕೆಲಸದವನಿಗೆ ಪ್ರತಿ ಬಾಗಿಲೂ ಗೊತ್ತು, ಗಿರಾಕಿಗೆ ಬಂದ ಬಾಗಿಲು ಒಂದೇ ಗೊತ್ತು.

ಟೈಮಿಂಗ್ ಬಗ್ಗೆನೂ ಒಂದು ಮಾತು. ಜರ್ಮನಿಯ ಎಸ್ಸೆನ್ ಊರಲ್ಲಿ ತ್ಸೋಲ್‌ಫೆರೈನ್ ಅಂತ ಕಲ್ಲಿದ್ದಲು ಗಣಿ ಇತ್ತು, 1986ರ ಡಿಸೆಂಬರ್‌ನಲ್ಲಿ ಮುಚ್ತು. ಮುಚ್ಚೋ ಹೊತ್ತಿಗೇ ಅಲ್ಲಿನ ರಾಜ್ಯ ಸರ್ಕಾರ ಅದನ್ನ ಕೊಂಡ್ಕೊಂಡು ರಕ್ಷಿತ ಸ್ಮಾರಕ ಮಾಡಿಬಿಡ್ತು, ಕಬ್ಬಿಣ ಕಳ್ಳರಿಗೆ ಗ್ಯಾಪೇ ಸಿಗಲಿಲ್ಲ. ಕಲ್ಲಿದ್ದಲು ತೊಳೆಯೋ ಕಟ್ಟಡದಲ್ಲಿ ಮ್ಯೂಸಿಯಂ ಬಂತು, ಬಾಯ್ಲರ್ ಮನೇಲಿ ಡಿಸೈನ್ ಮ್ಯೂಸಿಯಂ, ಗಣಿ ಕಾರ್ಮಿಕರ ಸ್ನಾನದ ಮನೇಲಿ ಡ್ಯಾನ್ಸ್ ಸೆಂಟರ್, ಚಳಿಗಾಲದಲ್ಲಿ ಕೋಕ್ (ಕಲ್ಲಿದ್ದಲು ಕಾಯಿಸಿ ಮಾಡೋ ಇಂಧನ) ಫ್ಯಾಕ್ಟ್ರಿ ಪಕ್ಕ ಐಸ್ ಸ್ಕೇಟಿಂಗ್. ಹಳೇ ಗಣಿ ಕಾರ್ಮಿಕರೇ ಗೈಡ್ ಆಗಿ ಜನಕ್ಕೆ ಜಾಗ ತೋರಿಸಿದ್ರು. 2001ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಅದೇ 2001ರ ಫೆಬ್ರವರಿ 28ಕ್ಕೆ ನಮ್ಮ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು. 1880ರಿಂದ ಜಾನ್ ಟೇಲರ್ ಕಂಪನಿ ಅಗೆಯೋಕೆ ಶುರು ಮಾಡಿ, ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿದ್ದ ಗಣಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಿದ್ದು ಬೆಂಗಳೂರಿಗಲ್ಲ, ಮೊದಲು ಅಲ್ಲಿಗೆ. 1965ರಲ್ಲಿ ಆ ಗಣಿಯ ಆಳದಲ್ಲೇ ವಿಜ್ಞಾನಿಗಳು ವಾತಾವರಣದಿಂದ ಬರೋ ನ್ಯೂಟ್ರಿನೋ ಅನ್ನೋ ಅತಿ ಸೂಕ್ಷ್ಮ ಕಣ ಪತ್ತೆ ಮಾಡಿದ್ರು. ಇಷ್ಟೆಲ್ಲ ಇದ್ದೂ ಮುಚ್ಚಿದ ಮರುದಿನಕ್ಕೆ ಒಂದು ಪ್ಲಾನೂ ಇರ್ಲಿಲ್ಲ. ಪಂಪ್ ನಿಂತ ಮೇಲೆ ಗಣಿ ತುಂಬ ನೀರು, ಸಾವಿರಾರು ಕುಟುಂಬ ಬೆಳಗಾಗೋ ಮುಂಚೆ ಬೆಂಗಳೂರು ಟ್ರೈನ್ ಹತ್ತೋ ಹಂಗಾಯ್ತು. ಉಳಿದಿದ್ದು ಚಿನ್ನ ತೆಗೆದಾದ ಮೇಲೆ ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬ, ಅಲ್ಲೂ ಶೂಟಿಂಗೇ. ಜಿಯಾಲಜಿಕಲ್ ಸರ್ವೆಯವರು ಅಲ್ಲಿನ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ಹಾಕಿದಾರೆ. ಬಂಡೆಗೆ ಬೋರ್ಡ್ ಸಿಕ್ತು, ಬಂಡೆ ಒಡೆದ ಜನರ ಲೈನ್ ಮನೆಗೆ ಸಿಗಲಿಲ್ಲ.

ಒಳ್ಳೇದು ಆಗಿಲ್ಲ ಅಂತಲ್ಲ. ಜಾಲಹಳ್ಳೀಲಿ ಎಚ್‌ಎಂಟಿಯವರು ತಮ್ಮದೇ ಹಳೇ ಬಂಗಲೇಲಿ ಹೆರಿಟೇಜ್ ಸೆಂಟರ್ ಮಾಡಿದಾರೆ, ಗಡಿಯಾರದ ಒಳಗಿನ ಸಣ್ಣ ಸಣ್ಣ ಭಾಗ ಹೆಂಗೆ ಮಾಡ್ತಿದ್ರು ಅಂತ ತೋರಿಸ್ತಾರೆ, ಹೊರಗೆ ಬಂದ್ರೆ ವಾಚ್ ಕೊಳ್ಳೋಕೆ ಜನ. ಹುಡುಗರು ತಾತನ ವಾಚ್ ಕೈಯಲ್ಲಿ ಕಟ್ಕೊಂಡು ಬಂದಿರ್ತಾರೆ. ಚಿಕ್ಕದು, ಆದ್ರೆ ಅಲ್ಲಿ ತೋರಿಸ್ತಿರೋ ವಸ್ತುಗೂ ಜಾಗಕ್ಕೂ ಸಂಬಂಧ ಇದೆ, ಅದಕ್ಕೇ ನನಗೆ ಹಿಡಿಸ್ತು. ಹಾಗಂತ ಎಲ್ಲದಕ್ಕೂ ಮ್ಯೂಸಿಯಂ ಅನ್ನೋದೂ ನನಗೆ ಆಗಿಬರಲ್ಲ. ಪೀಣ್ಯದಲ್ಲಿ ಸಣ್ಣ ಲೇತ್ ಇಟ್ಕೊಂಡಿರೋರು ಬಾಡಿಗೆ ಕಟ್ಟೋಕಾಗದೆ ಒದ್ದಾಡ್ತಾರೆ. ದೊಡ್ಡ ಹಳೇ ಶೆಡ್ಡನ್ನ ಅಂಥ ಇಪ್ಪತ್ತು ಜನಕ್ಕೆ ಹಂಚಿಕೊಟ್ಟು, ಒಂದು ಮೂಲೇಲಿ ಐಟಿಐ ಹುಡುಗರಿಗೆ ಟ್ರೈನಿಂಗ್ ಇಟ್ರೆ ಕಟ್ಟಡಕ್ಕೆ ಅದರ ಹಳೇ ಸದ್ದೇ ವಾಪಸ್ ಬರುತ್ತೆ, ಕ್ರೇನ್ ಗ್ಯಾಂಟ್ರಿನೂ ಉಪಯೋಗಕ್ಕೆ ಬರುತ್ತೆ. ಇದರಲ್ಲಿ ರಿಬ್ಬನ್ ಕಟ್ ಮಾಡೋ ಗ್ಲಾಮರ್ ಇಲ್ಲ ನೋಡಿ, ಅದಕ್ಕೆ ಯಾರೂ ಮಾಡಲ್ಲ.

ಈಗ ನಾನು ಕೆಲಸ ಮಾಡ್ತಿರೋದು ದಾವಣಗೆರೆ ಕಡೆ ಒಂದು ಹಳೇ ಹತ್ತಿ ಜಿನ್ನಿಂಗ್ ಫ್ಯಾಕ್ಟ್ರೀಲಿ, ಅಂದ್ರೆ ಹತ್ತಿಯಿಂದ ಬೀಜ ಬಿಡಿಸೋ ಕಾರ್ಖಾನೇಲಿ. ಯಾವ ಲಿಸ್ಟಲ್ಲೂ ಇಲ್ಲ, ಯಾವ ಪೇಪರಲ್ಲೂ ಬಂದಿಲ್ಲ. ಮಾಲೀಕರು ಮೊದಲು ಫೋನ್ ಮಾಡಿದಾಗ "ಸರ್, ಬೆಂಗಳೂರಾಗೆ ಮಾಡ್ತಾರಲ್ಲ ಹಂಗೆ ರೆಸ್ಟೋರೆಂಟ್ ಮಾಡಣ ಅಂತ" ಅಂದ್ರು. ಹೋಗಿ ನೋಡಿದ್ರೆ ನಾನೇ ಬೆರಗಾದೆ. ಗರಗಸದ ಹಲ್ಲಿನ ಥರ ಸಾಲು ಸಾಲು ನಾರ್ತ್ ಲೈಟ್ ರೂಫ್, ಎರಕದ ಕಬ್ಬಿಣದ ಕಂಬ, ಮೇಲೆ ಟ್ರಸ್ಸಿನ ಸ್ಟೀಲ್ ಮೇಲೆ ಡಾರ್ಮನ್ ಲಾಂಗ್ ಅಂತ ಇಂಗ್ಲೆಂಡಿನ ಕಂಪನಿ ಹೆಸರು ಉಬ್ಬಿ ಕಾಣುತ್ತೆ. ಒಂದು ಕಾಲದಲ್ಲಿ ಇಡೀ ಶೆಡ್ಡಿಗೆ ಒಂದೇ ಇಂಜಿನ್, ಒಂದೇ ಉದ್ದ ಲೈನ್ ಶಾಫ್ಟ್, ಅದರಿಂದ ಪ್ರತಿ ಜಿನ್ನಿಗೂ ಬೆಲ್ಟು. ಆ ಶಾಫ್ಟಿನ ಬ್ರಾಕೆಟ್‌ಗಳು ಇನ್ನೂ ಕಂಬದಲ್ಲಿವೆ. ಹಳೇ ಫಿಟ್ಟರ್ ಅಜ್ಜ ಒಬ್ಬರು ಪಕ್ಕದಲ್ಲೇ ಇರ್ತಾರೆ, ಅವರನ್ನ ಕರ್ಕೊಂಡು ಬಂದ್ವಿ. ನಾನು ಬ್ರಾಕೆಟ್ ತೋರಿಸಿ "ಇವನ್ನ ಬಿಚ್ಚಬಹುದಾ ಅಜ್ಜ?" ಅಂದೆ. "ಬಿಚ್ಚಿದ್ರೆ ಕಂಬ ಯಾಕೆ ಅಷ್ಟು ದಪ್ಪ ಇಟ್ಟಾರೆ ಅಂತ ಯಾರಿಗೆ ತಿಳೀತೈತ್ರಿ?" ಅಂದ್ರು. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಇದಕ್ಕಿಂತ ಒಳ್ಳೇ ಉತ್ತರ ಸಿಗಲ್ಲ, ಬಿಚ್ಚಲಿಲ್ಲ. ಅಂಡಿಗೆ (ಹತ್ತಿ ಬೇಲ್) ಕಟ್ಟೋ ಪ್ರೆಸ್ ಎಲ್ಲಿತ್ತು, ಅರಳೆ ಧೂಳಿಗೆ ಬೆಂಕಿ ಹತ್ತಿದಾಗ ಯಾವ ಬಾಗಿಲಿಂದ ಓಡಿದ್ರು ಅಂತಾನೂ ತೋರಿಸಿದ್ರು. ಆ ಬಾಗಿಲನ್ನೇ ಈಗ ಫೈರ್ ಎಕ್ಸಿಟ್ ಮಾಡಿದೀವಿ.

ನಾರ್ತ್ ಲೈಟ್ ಬಗ್ಗೆ ಒಂದು ತಮಾಷೆ ಹೇಳ್ತೀನಿ. ಗಾಜು ಉತ್ತರಕ್ಕಿದ್ರೆ ನೇರ ಬಿಸಿಲು ಬೀಳಲ್ಲ, ನೆರಳಿಲ್ಲದ ತಂಪು ಬೆಳಕು ಬರುತ್ತೆ ಅಂತ ಇಂಗ್ಲೆಂಡಿನವರ ಲೆಕ್ಕ. ಅವರಿಗೆ ಸರಿ, ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರ್ತಾನೆ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಬರ್ತಾನೆ, ಅಂದ್ರೆ ಸರಿಯಾಗಿ ಮೇ ತಿಂಗಳ ಬಿಸಿಲಲ್ಲಿ ಗಾಜಿನಿಂದ ಬಿಸಿಲು ಒಳಗೆ. ಗಾಜಿನ ಒಳಗಡೆ ಸುಣ್ಣ ಬಳಿದಿದ್ದ ಗುರುತು ಇನ್ನೂ ಇದೆ, ಅದೇ ಅಲ್ಲಿನವರು ಕಂಡ್ಕೊಂಡ ಪರಿಹಾರ. ನಾವೂ ಸುಣ್ಣಾನೇ ಬಳೀತೀವಿ.

ಇನ್ನು ಗೋಡೆ. ಇಟ್ಟಿಗೆ, ಸುಣ್ಣದ ಗಾರೆ. ಅಲ್ಲಲ್ಲಿ ಯಾರೋ ಸಿಮೆಂಟ್ ಪ್ಲಾಸ್ಟರ್ ಹೊಡೆದಿದಾರೆ, ಅಲ್ಲೆಲ್ಲ ಇಟ್ಟಿಗೆ ಪುಡಿಪುಡಿ. ಸುಣ್ಣದ ಗಾರೆ ಗೋಡೆ ತೇವ ಎಳ್ಕೊಂಡು ಹೊರಗೆ ಬಿಡುತ್ತೆ, ಸಿಮೆಂಟ್ ಹೊಡೆದ್ರೆ ತೇವ ಒಳಗೇ ಸಿಕ್ಕಾಕ್ಕೊಳ್ಳುತ್ತೆ, ಉಪ್ಪು ಕಟ್ಟುತ್ತೆ, ಇಟ್ಟಿಗೆ ಮುಖ ಉದುರುತ್ತೆ. ಹಳೇ ಕಟ್ಟಡ ರಿಪೇರಿ ಮಾಡ್ತೀವಿ ಅಂತ ಹಾಳು ಮಾಡೋರಲ್ಲಿ ಮುಕ್ಕಾಲು ಜನ ಹಾಳು ಮಾಡೋದು ಇಲ್ಲೇ. ರೂಫಿನ ಒಂದು ಭಾಗಕ್ಕೆ ಆಮೇಲೆ ಆಸ್ಬೆಸ್ಟಾಸ್ ಶೀಟ್ ಹಾಕಿದ್ರು, ಅದನ್ನ ಒಡೀದೆ, ನೀರು ಚಿಮುಕಿಸಿ, ಇಡೀ ಶೀಟನ್ನೇ ಬಿಚ್ಚಿ ಇಳಿಸೋದು ದೊಡ್ಡ ತಲೆನೋವು, ಲೋಕಲ್ ಹುಡುಗರು ಮಾಸ್ಕ್ ಹಾಕ್ಕೊಳ್ಳಿ ಅಂದ್ರೆ ನಗ್ತಾರೆ.

ರೆಸ್ಟೋರೆಂಟ್ ಐಡಿಯಾ ಬಿದ್ದೋಯ್ತು, ಆ ಊರಲ್ಲಿ ಅಷ್ಟು ದೊಡ್ಡ ರೆಸ್ಟೋರೆಂಟಿಗೆ ಗಿರಾಕಿ ಎಲ್ಲಿಂದ ಬರಬೇಕು. ಮಾಲೀಕರೇ ಕೊನೆಗೆ ಕಲ್ಯಾಣ ಮಂಟಪ ಮಾಡಣ ಅಂದ್ರು. ನನ್ನ ಆರ್ಕಿಟೆಕ್ಟ್ ಫ್ರೆಂಡ್ ಒಬ್ಬಳು ಕೇಳಿ ಮುಖ ಸಿಂಡರಿಸಿದ್ಲು. ಯಾಕ್ರೀ? ನಮ್ಮ ಕಡೆ ಎಷ್ಟು ರೈಸ್ ಮಿಲ್ಲು, ಎಷ್ಟು ಟಾಕೀಸು, ಎಷ್ಟು ತಂಬಾಕು ಗೋಡೌನು ಕಲ್ಯಾಣ ಮಂಟಪ ಆಗಿ ಉಳ್ಕೊಂಡಿಲ್ಲ? ಅಷ್ಟು ದೊಡ್ಡ ಹಾಲು, ನಡುವೆ ಕಂಬ ಕಡಿಮೆ, ಮದುವೆ ಸೀಸನ್‌ನಲ್ಲಿ ದಿನಾ ಬುಕ್ಕಿಂಗ್. ಹಳೇ ಪ್ರೆಸ್ ರೂಮು ಅಡುಗೆ ಮನೆ, ಅಂಡಿಗೆ ಗೋಡೌನು ಊಟದ ಹಾಲು. ಸೀಸನ್ ಇಲ್ಲದಾಗ ಮೆಕ್ಕೆಜೋಳ ಇಡೋಕೆ ಒಂದು ಭಾಗ ಬಾಡಿಗೆ. ನನಗಂತೂ ಮಸ್ತ್ ಅನ್ನಿಸ್ತು.

ಸದ್ಯಕ್ಕೆ ತಲೆನೋವು ಎರಡು. ಒಂದು, ಸಾವಿರ ಜನಕ್ಕೆ ಸಾಕಾಗೋ ಟಾಯ್ಲೆಟ್ಟು, ಸೆಪ್ಟಿಕ್ ಟ್ಯಾಂಕು, ಬೆಂಕಿಗೆ ನೀರಿನ ಸಂಪು, ಈ ಮೂರನ್ನೂ ಹಳೇ ಪಾಯ ಅಲುಗಾಡಿಸದೆ ಎಲ್ಲಿ ಕೂರಿಸೋದು ಅಂತ ಡ್ರಾಯಿಂಗ್ ತಿದ್ದಿ ತಿದ್ದಿ ಸಾಕಾಗಿದೆ. ಎರಡು, ಸುಣ್ಣದ ಗಾರೆ ಕೆಲಸ ಗೊತ್ತಿರೋ ಮೇಸ್ತ್ರಿ ಸಿಗ್ತಿಲ್ಲ, ಸಿಕ್ಕವರೆಲ್ಲ "ಸ್ವಲ್ಪ ಸಿಮೆಂಟ್ ಹಾಕಣ ಸರ್, ಬಿಗಿ ಆಗ್ತದೆ" ಅಂತಾರೆ. ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆ ಯಾರಾದ್ರೂ ಹಳೇ ಮೇಸ್ತ್ರಿಗಳು ಗೊತ್ತಿದ್ರೆ ಕೆಳಗೆ ಬರೀರಿ, ಕೆಲಸ ಮಳೆಗಾಲಕ್ಕೆ ಮುಂಚೆ ಶುರು ಆಗಬೇಕು.